ಟ್ರಾಕ್ಟರಿನ ದಿನನಿತ್ಯದ ಆರೈಕೆ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ರೈತ ಬಾಂಧವರೇ,

ಈ ನಾಲ್ಕು ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಇಲ್ಲಿನ ಮರಳುಮಿಶ್ರಿತ ಕೆಂಪು ಮಣ್ಣು ನೀರನ್ನು ಬಹಳ ದಿನ ಹಿಡಿದಿಡಲಾರದು. ಮಳೆ ಬಿದ್ದ ಮೇಲೆ ಕಡಲೆಕಾಯಿ ಬಿತ್ತನೆಗೆ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಟ್ರಾಕ್ಟರ್ ಕೆಟ್ಟು ಗ್ಯಾರೇಜಿನಲ್ಲಿ ನಿಂತರೆ ರಿಪೇರಿಯ ಹಣದ ಜೊತೆಗೆ ಹದವೂ ಕೈತಪ್ಪುತ್ತದೆ. ಬಾಡಿಗೆ ಟ್ರಾಕ್ಟರಿಗಾಗಿ ಕಾದು ಕುಳಿತ ಸಣ್ಣ ಹಿಡುವಳಿದಾರರ ಬಿತ್ತನೆಯೂ ತಡವಾಗುತ್ತದೆ. ಆದುದರಿಂದ ಯಂತ್ರದ ಆರೈಕೆಯನ್ನು ಬೇಸಾಯದ ಒಂದು ಭಾಗವೆಂದೇ ತಿಳಿಯಬೇಕು.

ಇಂಜಿನ್ನಿನ ಮೊದಲನೆಯ ಶತ್ರು ಧೂಳು. ಒಣ ಹೊಲದಲ್ಲಿ ಉಳುವಾಗ ಏಳುವ ಕೆಂಧೂಳು ಒಳಗೆ ಸೇರಿದರೆ ಪಿಸ್ಟನ್ ಮತ್ತು ರಿಂಗುಗಳನ್ನು ಮರಳು ಕಾಗದದಂತೆ ಸವೆಸುತ್ತದೆ. ಎಣ್ಣೆಯ ಬಟ್ಟಲು ಇರುವ ಗಾಳಿ ಶೋಧಕವಾದರೆ, ಧೂಳಿನ ಕೆಲಸದ ದಿನಗಳಲ್ಲಿ ಬಟ್ಟಲನ್ನು ಪ್ರತಿದಿನ ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕಟ್ಟಿದ್ದರೆ ತೊಳೆದು, ಗುರುತಿನ ಮಟ್ಟಕ್ಕೆ ಸರಿಯಾಗಿ ಹೊಸ ಎಣ್ಣೆ ತುಂಬಬೇಕು. ಹೊಸ ಮಾದರಿಗಳ ಒಣ ಶೋಧಕವನ್ನು ಡೀಸೆಲ್‌ನಲ್ಲಿ ತೊಳೆಯಕೂಡದು. ಒಳಗಿನಿಂದ ಹೊರಕ್ಕೆ ಹಗುರವಾಗಿ ಗಾಳಿ ಬಿಟ್ಟು ಶುಚಿಮಾಡಬೇಕು, ಹರಿದಿದ್ದರೆ ಬದಲಾಯಿಸಬೇಕು.

ಎರಡನೆಯದು ನೀರು. ಈ ಭಾಗದ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದನ್ನೇ ರೇಡಿಯೇಟರಿಗೆ ತುಂಬುತ್ತಾ ಹೋದರೆ ಪಾತ್ರೆಯ ತಳದಲ್ಲಿ ಕಟ್ಟುವಂತಹ ಬಿಳಿಯ ಪದರ ಅದರ ಸಣ್ಣ ಕೊಳವೆಗಳಲ್ಲಿಯೂ ಕಟ್ಟಿ ಇಂಜಿನ್ ಕಾಯತೊಡಗುತ್ತದೆ. ತಯಾರಕರು ಹೇಳಿದ ಕೂಲಂಟ್ ಬಳಸುವುದು ಉತ್ತಮ. ಅದು ಸಿಗದಿದ್ದಾಗ ಶುದ್ಧವಾಗಿ ಹಿಡಿದಿಟ್ಟ ಮಳೆ ನೀರು ಕೊಳವೆ ಬಾವಿ ನೀರಿಗಿಂತ ಮೇಲು. ಬ್ಯಾಟರಿಗೆ ಮಾತ್ರ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಇಂಜಿನ್ ಕಾದಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಕುದಿಯುವ ನೀರು ಚಿಮ್ಮಿ ಮುಖ ಸುಡುತ್ತದೆ. ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು.

ಮುಂಜಾನೆ ಇಂಜಿನ್ ಚಾಲೂ ಮಾಡುವ ಮೊದಲು, ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ ಅಳತೆ ಕಡ್ಡಿಯಿಂದ ಆಯಿಲ್ ಮಟ್ಟ ನೋಡಬೇಕು. ಆಯಿಲ್ ಮತ್ತು ಅದರ ಶೋಧಕವನ್ನು ಬದಲಾಯಿಸುವ ಅವಧಿಯನ್ನು ಕೈಪಿಡಿಯಲ್ಲಿ ಗಂಟೆಗಳ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಗಂಟೆ ಮೀಟರನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮರೆಯುವುದಿಲ್ಲ. ಸಂಜೆ ಕೆಲಸ ಮುಗಿದೊಡನೆ ಡೀಸೆಲ್ ಟ್ಯಾಂಕನ್ನು ತುಂಬಿಸಿಡುವುದು ಒಳ್ಳೆಯದು. ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರಿನ ಹನಿ ಕಟ್ಟುತ್ತದೆ. ಡೀಸೆಲ್ ಪೂರ್ತಿ ಮುಗಿದು ಕೊಳವೆಗೆ ಗಾಳಿ ಸೇರಿದರೆ ಇಂಜಿನ್ ಚಾಲೂ ಆಗದು. ಆಗ ಸ್ಟಾರ್ಟರನ್ನು ಒತ್ತುತ್ತಲೇ ಇದ್ದು ಬ್ಯಾಟರಿ ಕೆಡಿಸಿಕೊಳ್ಳದೆ, ಡೀಸೆಲ್ ಶೋಧಕದ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈ ಪಂಪು ಒತ್ತಿ, ತಿರುಪನ್ನು ಬಿಗಿಯಬೇಕು.

ಹೊಗೆಯೂ ಯಂತ್ರದ ಕಾಯಿಲೆಯನ್ನು ಹೇಳುತ್ತದೆ. ಸದಾ ಕಪ್ಪು ಹೊಗೆ ಬಂದರೆ ಗಾಳಿ ಶೋಧಕ ಕಟ್ಟಿರಬಹುದು, ಭಾರ ಹೆಚ್ಚಾಗಿರಬಹುದು ಅಥವಾ ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದು ತಿಳಿದು ಮೆಕ್ಯಾನಿಕ್‌ಗೆ ತೋರಿಸಬೇಕು.

ಕೊನೆಯದಾಗಿ ಪ್ರಾಣದ ಮಾತು. ಟ್ರಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನು ಹೊಲದಲ್ಲಿ ತಿರುಗಿಸಿಕೊಳ್ಳುವಾಗ ಬೇರೆ ಬೇರೆಯಾಗಿ ಒತ್ತುತ್ತಾರೆ. ರಸ್ತೆಗೆ ಇಳಿಯುವ ಮುನ್ನ ಅವೆರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಮರೆತು ಒಂದನ್ನೇ ಒತ್ತಿದರೆ ಗಾಡಿ ಒಂದೇ ಕಡೆಗೆ ಎಳೆದು ಮಗುಚುತ್ತದೆ. ಕೊರಟಗೆರೆ, ಮಧುಗಿರಿ ಕಡೆಯ ಗುಡ್ಡದ ಇಳಿಜಾರುಗಳಲ್ಲಿ ಡೀಸೆಲ್ ಉಳಿಸುವ ಆಸೆಗೆ ಗೇರ್ ತೆಗೆದು ಇಳಿಯಬಾರದು. ಶಿರಾ ಮೂಲಕ ಹೋಗುವ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಬಿಡುವಿಲ್ಲದ್ದು. ರಾತ್ರಿ ಟ್ರೈಲರಿನ ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಇಲ್ಲದಿದ್ದರೆ ಹಿಂದಿನಿಂದ ಬರುವವನಿಗೆ ಅದು ಕಾಣುವುದೇ ಇಲ್ಲ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವ ಅಭ್ಯಾಸವನ್ನು ಬಿಟ್ಟೇಬಿಡಬೇಕು.

ಇದಕ್ಕೆಲ್ಲ ದಿನಕ್ಕೆ ಅರ್ಧ ಗಂಟೆ ಸಾಕು. ಮುಂಗಾರಿಗೆ ಮುಂಚೆ, ಬಿಡುವಿರುವ ದಿನಗಳಲ್ಲಿ ದೊಡ್ಡ ರಿಪೇರಿಗಳನ್ನು ಮುಗಿಸಿಕೊಂಡ ರೈತನ ಟ್ರಾಕ್ಟರ್ ಹದದ ದಿನ ಹೊಲದಲ್ಲಿರುತ್ತದೆ.