ಶಾಸನದ ಜಾಡು: ಶಾಲಾ ಮಕ್ಕಳ ಶೋಧನಾ ಆಟದಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರ್ನಾಟಕದ ವಿಧಾನಸಭೆಯಲ್ಲಿ 224 ಸದಸ್ಯರು, ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಪ್ರೌಢಶಾಲೆಯ ವಿದ್ಯಾರ್ಥಿ ಇದನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾನೆ, ಪರೀಕ್ಷೆ ಮುಗಿದ ಬಳಿಕ ಮರೆಯುತ್ತಾನೆ. ತನ್ನ ಮನೆಯ ಕಂದಾಯದ ರಸೀದಿಗೂ ವಿಧಾನಸೌಧದ ಸಭಾಂಗಣಕ್ಕೂ ನಂಟಿದೆ ಎಂಬುದು ಅವನ ಅರಿವಿಗೆ ಬರುವುದೇ ಇಲ್ಲ. ‘ಕೋಶ ಓದಬೇಕು, ದೇಶ ಸುತ್ತಬೇಕು’ ಎಂದು ಹಿರಿಯರು ಹೇಳಿದ್ದಾರೆ. ಶಾಸಕಾಂಗದ ಪಾಠಕ್ಕೆ ಸಂಬಂಧಿಸಿದಂತೆ ಸುತ್ತಬೇಕಾದ ದೇಶ ಬೆಂಗಳೂರಿನಲ್ಲಿ ಮಾತ್ರ ಇಲ್ಲ. ಅದರ ಹೆಜ್ಜೆಗುರುತುಗಳು ಪ್ರತಿ ಗ್ರಾಮದಲ್ಲಿಯೂ ಇವೆ. ಆ ಗುರುತುಗಳನ್ನು ಮಕ್ಕಳೇ ಹುಡುಕಿ ತೆಗೆಯುವ ಕ್ರಮಕ್ಕೆ ಶೋಧನಾ ಆಟ ಎಂದು ಹೆಸರು.

ಆಟದ ಸ್ವರೂಪ

ಎಂಟರಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಐದಾರು ಮಂದಿಯ ತಂಡಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತಂಡಕ್ಕೆ ಒಂದು ಸುಳಿವಿನ ಚೀಟಿ ನೀಡಲಾಗುತ್ತದೆ. ಅದರ ಉತ್ತರವು ಪಠ್ಯಪುಸ್ತಕದಲ್ಲಾಗಲಿ ಮೊಬೈಲಿನಲ್ಲಾಗಲಿ ದೊರೆಯಬಾರದು. ಗ್ರಾಮದ ಒಂದು ದಾಖಲೆಯಲ್ಲಿ, ಒಂದು ಫಲಕದ ಮೇಲೆ ಅಥವಾ ಒಬ್ಬ ವ್ಯಕ್ತಿಯ ಬಾಯಲ್ಲಿ ದೊರೆಯಬೇಕು. ಉತ್ತರ ಕಂಡುಕೊಂಡ ತಂಡಕ್ಕೆ ಮುಂದಿನ ಸುಳಿವು ಲಭಿಸುತ್ತದೆ. ಅರ್ಧ ದಿನ ಮತ್ತು ನಡೆದು ತಲುಪಬಹುದಾದ ಆರು ಸ್ಥಳಗಳು ಸಾಕು.

ಮೊದಲ ಸುಳಿವು ಮತಗಟ್ಟೆಯದು. ಅನೇಕ ಗ್ರಾಮಗಳಲ್ಲಿ ಮಕ್ಕಳು ದಿನವೂ ಕೂರುವ ಕೊಠಡಿಯೇ ಮತಗಟ್ಟೆಯಾಗಿರುತ್ತದೆ. ಮತದಾರರ ಪಟ್ಟಿಯ ಮೊದಲ ಪುಟದಿಂದ ವಿಧಾನಸಭಾ ಕ್ಷೇತ್ರದ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಜೊತೆಗೆ ವಯಸ್ಸಿನ ಲೆಕ್ಕ: ಮತ ನೀಡಲು 18 ವರ್ಷ, ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಲು 21, ವಿಧಾನಸಭೆಗೆ 25, ವಿಧಾನ ಪರಿಷತ್ತಿಗೆ 30. ಮತದಾನದ ವಯಸ್ಸು ಮೊದಲು 21 ಇದ್ದು, ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ತಾನು ಯಾವ ವರ್ಷ ಮತದಾರಳಾಗುವೆನೆಂದು ಒಬ್ಬ ವಿದ್ಯಾರ್ಥಿನಿ ಬೆರಳೆಣಿಸಿದರೆ ಪಾಠ ಅಲ್ಲಿಗೇ ಅರ್ಧ ತಲುಪಿದಂತೆ.

ಎರಡನೆಯದು ಕಂದಾಯದ ರಸೀದಿ. ಮನೆಯ ಮೇಲೆ ತೆರಿಗೆ ವಿಧಿಸುವ ಅಧಿಕಾರ ಪಂಚಾಯಿತಿಗೆ ಎಲ್ಲಿಂದ ಬಂತು? ಉತ್ತರವು 1993ರ ಪಂಚಾಯತ್ ರಾಜ್ ಅಧಿನಿಯಮದ 199ನೆಯ ಪ್ರಕರಣದಲ್ಲಿದೆ. ಆ ಪುಸ್ತಕದ ಮೊದಲ ಪುಟದಲ್ಲಿ ‘1993ರ ಕರ್ನಾಟಕ ಅಧಿನಿಯಮ ಸಂಖ್ಯೆ 14’ ಎಂಬ ಗುರುತನ್ನು ಮಕ್ಕಳು ಹುಡುಕಬೇಕು. ಶಾಸಕಾಂಗವು ರಚಿಸಿದ ಅಧಿನಿಯಮದ ಬಲವಿಲ್ಲದೆ ಪಂಚಾಯಿತಿ ಒಂದು ರೂಪಾಯಿ ತೆರಿಗೆಯನ್ನೂ ವಿಧಿಸಲಾರದು ಎಂಬುದು ಇದರಿಂದ ಮನವರಿಕೆಯಾಗುತ್ತದೆ.

ಮೂರನೆಯ ಸುಳಿವಿನಲ್ಲಿ ಆರು ಕಾರ್ಡುಗಳಿವೆ: ಮಂಡನೆ, ಖಂಡವಾರು ಪರ್ಯಾಲೋಚನೆ, ಅಂಗೀಕಾರ, ಇನ್ನೊಂದು ಸದನ, ರಾಜ್ಯಪಾಲರ ಅಂಕಿತ, ರಾಜ್ಯಪತ್ರ. ಗ್ರಂಥಾಲಯ, ಅಂಗನವಾಡಿ, ಆರೋಗ್ಯ ಉಪಕೇಂದ್ರ ಮೊದಲಾದೆಡೆ ಇಟ್ಟಿರುವ ಇವುಗಳನ್ನು ಕಲೆಹಾಕಿ ಕ್ರಮವಾಗಿ ಜೋಡಿಸಬೇಕು. ಇಲ್ಲಿ ಶಿಕ್ಷಕರು ಒಂದು ಪ್ರಶ್ನೆ ಎತ್ತಬೇಕು: ವಿಧಾನಸಭೆ ಒಪ್ಪಿದ್ದನ್ನು ಪರಿಷತ್ತು ಒಪ್ಪದಿದ್ದರೆ ಏನಾಗುತ್ತದೆ? ಸಂಸತ್ತಿನಲ್ಲಿರುವಂತೆ ರಾಜ್ಯದಲ್ಲಿ ಜಂಟಿ ಅಧಿವೇಶನಕ್ಕೆ ಅವಕಾಶವಿಲ್ಲ. ಸಾಮಾನ್ಯ ವಿಧೇಯಕವನ್ನು ಪರಿಷತ್ತು ಮೊದಲ ಬಾರಿ 3 ತಿಂಗಳು, ಎರಡನೆಯ ಬಾರಿ 1 ತಿಂಗಳು ತಡೆಯಬಹುದು. ಧನ ವಿಧೇಯಕವನ್ನಾದರೆ 14 ದಿನಗಳೊಳಗೆ ಹಿಂದಿರುಗಿಸಬೇಕು. ಕೊನೆಯ ಮಾತು ವಿಧಾನಸಭೆಯದೇ. ಆದರೆ ತಡೆಯುವ ಅವಧಿ ವ್ಯರ್ಥವಲ್ಲ. ಅವಸರದ ನಿರ್ಣಯವನ್ನು ಮರಳಿ ನೋಡಲು ಅದು ಸಿಕ್ಕ ಸಮಯ.

ನಾಲ್ಕನೆಯ ಸುಳಿವು ಶಾಲೆಯ ಅಡುಗೆ ಮನೆಯಲ್ಲಿದೆ. ಬಿಸಿಯೂಟದ ಅಕ್ಕಿ, ಬೇಳೆಗೆ ಹಣ ಎಲ್ಲಿಂದ? ಸರ್ಕಾರದ ಆಯವ್ಯಯದಿಂದ. ರಾಜ್ಯದ ಆಯವ್ಯಯ ಎರಡೂ ಸದನಗಳ ಮುಂದೆ ಬರುತ್ತದೆ. ಆದರೆ ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ವಿಧಾನಸಭೆಗೆ ಮಾತ್ರ. ತಟ್ಟೆಯಲ್ಲಿನ ಅನ್ನದ ಹಿಂದೆ ಚುನಾಯಿತ ಸದನದ ಒಪ್ಪಿಗೆ ಇದೆ ಎಂದು ತಿಳಿದ ಮಗು ಅದನ್ನು ಯಾರೋ ನೀಡಿದ ದಾನವೆಂದು ಭಾವಿಸುವುದಿಲ್ಲ.

ಐದನೆಯ ಸುಳಿವಿನ ಉತ್ತರ ಸ್ವತಃ ಸದಸ್ಯರು

‘ಊರಿನಲ್ಲಿ ಸಾಮಾನ್ಯ ಮತದಾರರಿಗಿಲ್ಲದ ಇನ್ನೊಂದು ಮತ ಯಾರಿಗಿದೆ?’ ಎಂಬುದು ಐದನೆಯ ಸುಳಿವು. ಪರಿಷತ್ತಿನ 75 ಸ್ಥಾನಗಳ ಪೈಕಿ 25 ಮಂದಿಯನ್ನು ವಿಧಾನಸಭಾ ಸದಸ್ಯರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಚುನಾಯಿಸುತ್ತಾರೆ. 11 ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಹೆಸರು ನೋಂದಾಯಿಸಿದ ಪ್ರೌಢಶಾಲಾ ಶಿಕ್ಷಕರಿಗೆ ಒಂದು ಮತ, ನೋಂದಾಯಿತ ಪದವೀಧರರಿಗೆ ಒಂದು ಮತ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಮತ ಗ್ರಾಮ ಪಂಚಾಯಿತಿ ಸದಸ್ಯರ ಕೈಯಲ್ಲಿದೆ. ಪ್ರಾಶಸ್ತ್ಯದ ಕ್ರಮದಲ್ಲಿ 1, 2, 3 ಎಂದು ಗುರುತಿಸುವ ಆ ಮತದಾನದ ರೀತಿಯನ್ನು ಸದಸ್ಯರೇ ಮಕ್ಕಳಿಗೆ ವಿವರಿಸಬೇಕು. ಕೂಲಿ ಮಾಡಿ ಬದುಕುವ ಒಬ್ಬ ಸದಸ್ಯೆಯೂ ರಾಜ್ಯದ ಮೇಲ್ಮನೆಯ ರಚನೆಯಲ್ಲಿ ಪಾಲುದಾರಳೆಂದು ಮಕ್ಕಳು ಅರಿತಾಗ, ಆ ಸದಸ್ಯೆಯ ಸ್ಥಾನದ ಘನತೆ ಅವರ ಕಣ್ಣಲ್ಲಿ ಹೆಚ್ಚುತ್ತದೆ. ಆ ಮತವನ್ನು ಹೇಗೆ ಚಲಾಯಿಸಲಾಯಿತು ಎಂಬ ಹೊಣೆಯೂ ಅಷ್ಟೇ ಹೆಚ್ಚುತ್ತದೆ.

ಕೊನೆಯ ಸುಳಿವು ಮತ್ತು ಪಂಚಾಯಿತಿಯ ಪರೀಕ್ಷೆ

ಆರನೆಯ ಸುಳಿವು ಹೀಗಿದೆ: ‘ಕಳೆದ ಗ್ರಾಮ ಸಭೆಯ ನಡವಳಿಯಲ್ಲಿ ಶಾಲೆಗೆ ಸಂಬಂಧಿಸಿದ ಒಂದು ನಿರ್ಣಯವನ್ನು ಹುಡುಕಿ, ಅದು ಈಗ ಯಾವ ಹಂತದಲ್ಲಿದೆ ಎಂದು ಕೇಳಿ.’ ಮಕ್ಕಳು ಪಂಚಾಯಿತಿ ಕಚೇರಿಯ ಬಾಗಿಲಿಗೆ ಬರುತ್ತಾರೆ. ಆ ಕ್ಷಣದಿಂದ ಪರೀಕ್ಷೆ ಮಕ್ಕಳದಲ್ಲ, ಪಂಚಾಯಿತಿಯದು.

ನಡವಳಿ ಪುಸ್ತಕ ಕೈಗೆ ಸಿಕ್ಕಿ, ನಿರ್ಣಯ ಓದಲು ಬಂದು, ‘ಕಾಮಗಾರಿ ಈ ಕಾರಣಕ್ಕೆ ನಿಂತಿದೆ’ ಎಂಬ ನೇರ ಉತ್ತರ ದೊರೆತರೆ, ಸಭೆಯ ಮಾತಿಗೆ ಬೆಲೆ ಇದೆ ಎಂದು ಮಗು ಕಲಿಯುತ್ತದೆ. ಪುಸ್ತಕ ಬೀರುವಿನಲ್ಲಿದೆ, ಕೀಲಿ ಇಲ್ಲ, ನಾಳೆ ಬಾ ಎಂದರೆ, ಅದೂ ಒಂದು ಪಾಠವೇ. ಪಠ್ಯಪುಸ್ತಕದ ಪಾಠ ಮರೆತರೂ ಮಗು ಆ ಪಾಠವನ್ನು ಮರೆಯುವುದಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕೆಂದು ವಿಧಿಸಿದೆ. ಅದರ ಪಾಲನೆ ಎಷ್ಟಾಗಿದೆ ಎಂಬುದನ್ನು ಹದಿಮೂರು ವರ್ಷದ ಮಗುವಿನ ಒಂದು ಪ್ರಶ್ನೆ ಅಳೆಯಬಲ್ಲದು.

ವಿಧಾನಸಭೆಯ ಪ್ರಶ್ನೋತ್ತರ ಕಲಾಪದ ಸಾರವೂ ಇದೇ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ. ಮಕ್ಕಳ ಪ್ರಶ್ನೆಗಳನ್ನೂ ಹೀಗೆಯೇ ಎರಡು ಬಗೆಯಾಗಿ ವಿಂಗಡಿಸಿ, ಕೆಲವಕ್ಕೆ ಅಧ್ಯಕ್ಷರು ಅಲ್ಲಿಯೇ ಉತ್ತರಿಸಿ, ಉಳಿದವಕ್ಕೆ ಲಿಖಿತ ಉತ್ತರ ಕಳುಹಿಸಿದರೆ ಆಟವೇ ಸದನವಾಗುತ್ತದೆ.

ಮಕ್ಕಳಿಗೆ ಕೇಳುವ ಅವಕಾಶವಷ್ಟೇ ಇದ್ದು ನಿರ್ಣಯಿಸುವ ಅಧಿಕಾರವಿಲ್ಲದಿದ್ದರೆ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರೊಡನೆ ಮೈಸೂರಿನಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೂ ಆಗ ಶಾಸನ ರಚಿಸುವ ಅಧಿಕಾರವಿರಲಿಲ್ಲ. ಆಡಳಿತದ ವರದಿ ಕೇಳುವುದು, ಜನರ ಅಹವಾಲು ಮುಂದಿಡುವುದು ಅದರ ಕಾರ್ಯವಾಗಿತ್ತು. ಸಂಸ್ಥಾನದಲ್ಲಿ ಶಾಸನ ಸಭೆ ರೂಪುಗೊಂಡದ್ದು 1907ರಲ್ಲಿ. ಕೇಳುವ ಅಭ್ಯಾಸ ಮೊದಲು, ಅಧಿಕಾರ ಆಮೇಲೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಆಟದ ದಿನಾಂಕವನ್ನು ಮುಖ್ಯ ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಸಮಿತಿಯೊಡನೆ ಚರ್ಚಿಸಿ ನಿಗದಿಪಡಿಸುವುದು. ಮಕ್ಕಳ ಗ್ರಾಮ ಸಭೆಗೆ ಒಂದೆರಡು ವಾರ ಮುಂಚೆ ನಡೆಸಿದರೆ ಮಕ್ಕಳು ದಾಖಲೆ ಸಹಿತ ಪ್ರಶ್ನೆ ಕೇಳಬಲ್ಲರು.

2. ಅಧಿನಿಯಮದ ಕನ್ನಡ ಪ್ರತಿ, ಆಯವ್ಯಯ ಪತ್ರ ಹಾಗೂ ನಡವಳಿಯ ಪ್ರತಿಯನ್ನು ಗ್ರಂಥಾಲಯದಲ್ಲಿ ಖಾಯಂ ಆಗಿ ಇರಿಸುವುದು.

3. ಸುಳಿವುಗಳು ಪಕ್ಷದ ಅಥವಾ ವ್ಯಕ್ತಿಯ ಹೊಗಳಿಕೆ, ತೆಗಳಿಕೆಗೆ ಎಡೆಮಾಡಬಾರದು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವಂತೆ ಈ ಆಟವೂ ನಡೆಯಬೇಕು.

4. ಪ್ರತಿ ತಂಡದೊಡನೆ ಒಬ್ಬ ಶಿಕ್ಷಕ ಅಥವಾ ಪೋಷಕರಿರಬೇಕು. ಹೆದ್ದಾರಿ, ಕೆರೆ ದಾಟುವ ಹಾದಿ ಬೇಡ. ವಿಶೇಷಚೇತನ ಮಕ್ಕಳು ತಲುಪಲಾಗದ ಸ್ಥಳದಲ್ಲಿ ಸುಳಿವು ಇಡಬಾರದು.

5. ಊರಿನ ಎಲ್ಲ ಕೇರಿಗಳೂ ಆಟದ ಹಾದಿಯಲ್ಲಿರಬೇಕು. ಯಾವ ಕೇರಿಯೂ ಹೊರಗುಳಿಯಬಾರದು.

6. ಬೇಗ ಮುಗಿಸಿದ ತಂಡಕ್ಕಿಂತ ಒಳ್ಳೆಯ ಪ್ರಶ್ನೆ ತಂದ ತಂಡಕ್ಕೆ ಮನ್ನಣೆ ಸಲ್ಲಬೇಕು.

7. ಅಂದು ಉತ್ತರಿಸಲಾಗದ ಪ್ರಶ್ನೆಗಳನ್ನು ವಹಿಯಲ್ಲಿ ದಾಖಲಿಸಿ, ಮುಂದಿನ ಸಾಮಾನ್ಯ ಸಭೆಯ ಮುಂದಿಡುವುದು. ಉತ್ತರವನ್ನು ಶಾಲೆಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

ಈ ಆಟಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ. ಕಾಗದ, ಕಾರ್ಡು, ಮಕ್ಕಳಿಗೆ ಕುಡಿಯುವ ನೀರು ಸಾಕು. ಅಗತ್ಯವಿರುವುದು ತೆರೆದ ಬೀರು ಮತ್ತು ಅರ್ಧ ದಿನ ಕಚೇರಿಯಲ್ಲಿ ಲಭ್ಯರಿರುವ ಸದಸ್ಯರು. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಆ ಕೆಲಸ ಹೇಗೆ ನಡೆಯುತ್ತದೆ ಎಂದು ಮಗುವೊಂದು ಪಂಚಾಯಿತಿಗೆ ಬಂದು ಕೇಳಿದರೆ, ಕುರ್ಚಿ ನೀಡಿ, ಪುಸ್ತಕ ತೆರೆದು ತೋರಿಸುವುದು ಸದಸ್ಯರೆಲ್ಲರ ಕರ್ತವ್ಯವಾಗಿದೆ.