ಅನಧಿಕೃತ ಚಾಟ್ ತಾಣಗಳು ಮತ್ತು ಪಾಸ್‌ವರ್ಡ್‌ನ ಹೊಣೆ

(ಗ್ರಾಮ ಪಂಚಾಯತಿ ಸಿಬ್ಬಂದಿಗಾಗಿ ಜಿಲ್ಲಾ ಪಂಚಾಯತಿಯು ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಅಂತರಜಾಲದಲ್ಲಿ ಸಿಗುವ ಅನಧಿಕೃತ ಚಾಟ್ ಸೇವೆಗಳಿಗೆ ನಮ್ಮ ಪಾಸ್‌ವರ್ಡ್ ಕೊಡಬಹುದೇ ಎಂಬುದು ಇಂದು ನನಗೆ ವಹಿಸಿರುವ ವಿಷಯ. ಉತ್ತರ ಒಂದೇ ಪದದ್ದು: ಕೂಡದು. ಆದರೆ ಏಕೆ ಕೂಡದು ಎಂಬುದು ಮನದಟ್ಟಾಗದಿದ್ದರೆ ಈ ಉತ್ತರವು ಕಚೇರಿಯ ಗೋಡೆಗೆ ಅಂಟಿಸಿದ ಮತ್ತೊಂದು ಸೂಚನೆಯಾಗಿ ಉಳಿದೀತು. ಆದ್ದರಿಂದ ಕಾರಣವನ್ನೇ ಮುಖ್ಯವಾಗಿ ವಿವರಿಸುತ್ತೇನೆ.

ಎಲ್ಲ ಚಾಟ್ ಖಾತೆಗಳನ್ನೂ ಒಂದೇ ಪುಟದಲ್ಲಿ ತೆರೆದು ಕೊಡುವ ತಾಣಗಳು ಹೊಸವಲ್ಲ. 2005ರಲ್ಲಿ ಆರಂಭವಾದ ಮೀಬೊ ಎಂಬ ಸೇವೆಯಲ್ಲಿ ಯಾಹೂ, ಎಂಎಸ್ಎನ್ ಮೊದಲಾದ ಖಾತೆಗಳ ಹೆಸರು ಮತ್ತು ಪಾಸ್‌ವರ್ಡ್ ನಮೂದಿಸಿದರೆ, ಯಾವ ತಂತ್ರಾಂಶವನ್ನೂ ಅಳವಡಿಸದೆ ಸ್ನೇಹಿತರೊಡನೆ ಮಾತನಾಡಬಹುದಾಗಿತ್ತು. 2012ರಲ್ಲಿ ಗೂಗಲ್ ಸಂಸ್ಥೆಯು ಅದನ್ನು ಕೊಂಡು, ಅದೇ ವರ್ಷ ಆ ಚಾಟ್ ಸೇವೆಯನ್ನು ನಿಲ್ಲಿಸಿತು. ಮೀಬೊ ಮೋಸದ ಸೇವೆಯಾಗಿರಲಿಲ್ಲ. ಆದರೂ ಒಂದು ಸಂಸ್ಥೆಯ ಬೀಗದ ಕೈಯನ್ನು ಮತ್ತೊಂದು ಸಂಸ್ಥೆಗೆ ಒಪ್ಪಿಸುವ ರೂಢಿ ಇಂತಹ ಸೇವೆಗಳಿಂದ ಬೆಳೆಯಿತು. ನಡೆಸುವವರು ಯಾರೆಂದೇ ತಿಳಿಯದ ತಾಣಗಳು ಇಂದು ಅದೇ ರೂಢಿಯ ಲಾಭ ಪಡೆಯುತ್ತವೆ.

ಇಲ್ಲಿನ ಅಪಾಯವೇನೆಂದು ತಿಳಿಯಲು ಪಾಸ್‌ವರ್ಡನ್ನು ಹೇಗೆ ಕಾಪಾಡುತ್ತಾರೆಂಬುದನ್ನು ನೋಡೋಣ. ಹೊಣೆಯರಿತ ಸಂಸ್ಥೆಯು ನಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಇಟ್ಟುಕೊಳ್ಳುವುದಿಲ್ಲ. ಗಣಿತಸೂತ್ರವೆಂಬ ಬೀಸುಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ನಾವು ಮತ್ತೆ ಲಾಗಿನ್ ಆದಾಗ ಮತ್ತೊಮ್ಮೆ ಬೀಸಿ, ಎರಡೂ ಒಂದೇ ಆಗಿವೆಯೇ ಎಂದು ಪರಿಶೀಲಿಸುತ್ತದೆ. ಹಿಟ್ಟಿನಿಂದ ರಾಗಿಯ ಕಾಳು ಮರಳಿ ಬಾರದಂತೆ ಹ್ಯಾಶ್‌ನಿಂದ ಪಾಸ್‌ವರ್ಡ್ ನೇರವಾಗಿ ಮರಳಿ ಬಾರದು. ಮಧ್ಯವರ್ತಿ ತಾಣದ ಸ್ಥಿತಿ ಬೇರೆ. ಅದು ನಮ್ಮ ಹೆಸರಿನಲ್ಲಿ ಮೂಲ ಸಂಸ್ಥೆಗೆ ಲಾಗಿನ್ ಆಗಬೇಕು. ಅದಕ್ಕೆ ಹಿಟ್ಟು ಸಾಲದು, ಕಾಳೇ ಬೇಕು. ಎಂದರೆ ಪಾಸ್‌ವರ್ಡ್ ಓದಲು ಬರುವ ರೂಪದಲ್ಲಿಯೇ ಅದರ ಕೈಸೇರುತ್ತದೆ. ತಾಣದವರು ಪ್ರಾಮಾಣಿಕರೇ ಆಗಿದ್ದರೂ, ಅವರ ಸರ್ವರ್‌ಗೆ ಒಬ್ಬ ಕಳ್ಳ ನುಗ್ಗಿದರೆ ಅಥವಾ ಅವರ ನೌಕರನೊಬ್ಬ ದ್ರೋಹ ಬಗೆದರೆ ಸಾಕು. ಹೀಗಾಗಿ "ಅವರು ಒಳ್ಳೆಯವರೇ?" ಎಂದು ವಿಚಾರಿಸುವುದಕ್ಕಿಂತ "ಅವರಿಗೆ ನನ್ನ ಪಾಸ್‌ವರ್ಡ್ ಏಕೆ ಬೇಕು?" ಎಂದು ಕೇಳುವುದು ಮೇಲು.

ಚಾಟ್‌ಗೆಂದು ಕೊಟ್ಟ ಪಾಸ್‌ವರ್ಡ್ ಚಾಟ್‌ಗಷ್ಟೇ ಸೀಮಿತವಾಗಿ ಉಳಿಯುವುದೂ ಇಲ್ಲ. ಗೂಗಲ್ ಖಾತೆಯ ಪಾಸ್‌ವರ್ಡ್ ಒಂದೇ ಇ-ಮೇಲ್, ಕಡತ, ಛಾಯಾಚಿತ್ರಗಳೆಲ್ಲಕ್ಕೂ ಅನ್ವಯಿಸುತ್ತದೆ. ಬೇರೆ ಸೇವೆಗಳ "ಪಾಸ್‌ವರ್ಡ್ ಮರೆತಿದ್ದೇನೆ" ಎಂಬ ಕೊಂಡಿಗಳೂ ಅದೇ ಇ-ಮೇಲ್‌ಗೆ ಬರುತ್ತವೆ. ಮೊತ್ತ ಬರೆಯದೆ ಸಹಿ ಹಾಕಿದ ಚೆಕ್ಕನ್ನು ಅಪರಿಚಿತನ ಕೈಗೆ ಕೊಡುವ ಕರವಸೂಲಿಗಾರ ನಮ್ಮಲ್ಲಿ ಒಬ್ಬರೂ ಇಲ್ಲ. ಇದೂ ಅಂತಹುದೇ ಚೆಕ್ಕು.

"ವಾಟ್ಸಾಪ್‌ಗೆ ನಾವು ಪಾಸ್‌ವರ್ಡ್ ಹಾಕುವುದೇ ಇಲ್ಲವಲ್ಲ" ಎಂದು ಕೆಲವರು ಕೇಳಬಹುದು. ಅಲ್ಲಿ ಒಟಿಪಿ ಮತ್ತು ಕ್ಯೂಆರ್ ಸಂಕೇತಗಳೇ ಪಾಸ್‌ವರ್ಡ್‌ನ ಕೆಲಸ ಮಾಡುತ್ತವೆ. ಅನಧಿಕೃತ ಪುಟವೊಂದು ಅಧಿಕೃತ ತಾಣದಿಂದ ಪಡೆದ ಕ್ಯೂಆರ್ ಸಂಕೇತವನ್ನು ನಮ್ಮ ಮುಂದೆ ಹಿಡಿದು, ನಾವು ಸ್ಕ್ಯಾನ್ ಮಾಡಿದೊಡನೆ ನಮ್ಮ ಖಾತೆಯನ್ನು ತನ್ನ ಗಣಕದಲ್ಲಿ ತೆರೆದುಕೊಳ್ಳಬಲ್ಲದು. ಹೆಚ್ಚಿನ ಸೌಲಭ್ಯದ ಆಸೆ ತೋರಿಸುವ ಮಾರ್ಪಡಿತ ಆ್ಯಪ್‌ಗಳೂ ಇದೇ ಜಾತಿಯವು. ಎಫ್ಎಂ ವಾಟ್ಸಾಪ್ ಎಂಬ ಆ್ಯಪ್‌ನ ಒಂದು ಆವೃತ್ತಿಯಲ್ಲಿ ಟ್ರಯಾಡಾ ಎಂಬ ಕುತಂತ್ರಾಂಶ ಅಡಗಿರುವುದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆಯು 2021ರಲ್ಲಿ ಪತ್ತೆ ಮಾಡಿತು.

ಬಂಧುಗಳೇ, ಈ ವಿಷಯ ನಮ್ಮ ವೈಯಕ್ತಿಕ ಖಾತೆಯದಾಗಿದ್ದರೆ ನಷ್ಟವೂ ನಮ್ಮದೇ ಎಂದು ಸುಮ್ಮನಿರಬಹುದಿತ್ತು. ನಮ್ಮ ಫೋನುಗಳಲ್ಲಿ ಏನಿದೆ ನೋಡಿ. ಪಿಂಚಣಿಗೆ ಅರ್ಜಿ ಹಾಕಿದ ಅಜ್ಜಿಯ ಆಧಾರ್ ಪ್ರತಿ, ಕೂಲಿಕಾರ ಕುಟುಂಬದ ಉದ್ಯೋಗ ಚೀಟಿ, ಮನೆ ಮಂಜೂರಾದವರ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ, ಇ-ಸ್ವತ್ತಿಗೆಂದು ಕಳಿಸಿದ ಆಸ್ತಿ ದಾಖಲೆ. ಇವೆಲ್ಲವನ್ನೂ ಜನರು ಪಂಚಾಯತಿಯನ್ನು ನಂಬಿ ಕಳಿಸಿದ್ದಾರೆ; ಆ ಅನಾಮಧೇಯ ತಾಣವನ್ನು ನಂಬಿ ಕಳಿಸಿಲ್ಲ. ಅವರ ಪರವಾಗಿ ಹಾಗೆ ನಂಬುವ ಅಧಿಕಾರ ನಮಗಿಲ್ಲ. ಖಾತೆ ನಮ್ಮ ಹೆಸರಿನಲ್ಲಿದ್ದರೂ ಅದರೊಳಗಿನ ಒಡವೆ ಊರಿನದು.

ಹಾಗಾದರೆ ಸರಿಯಾದ ದಾರಿ ಯಾವುದು? ಪಾಸ್‌ವರ್ಡ್ ಕೊಡದೆಯೇ ಸೀಮಿತ ಅನುಮತಿ ಕೊಡುವ ವ್ಯವಸ್ಥೆ ಈಗಾಗಲೇ ಇದೆ. 2007ರಲ್ಲಿ ರೂಪುಗೊಂಡ ಓಆತ್ ಎಂಬ ಪದ್ಧತಿಯಲ್ಲಿ ಮೂಲ ಸಂಸ್ಥೆಯೇ ನಮ್ಮನ್ನು ಗುರುತಿಸಿ, ಹೊರಗಿನ ಸೇವೆಗೆ ಒಂದು ಅನುಮತಿ ಚೀಟಿ ನೀಡುತ್ತದೆ. ಚೀಟಿಯಲ್ಲಿ ಬರೆದಷ್ಟು ಕೆಲಸಕ್ಕೆ ಮಾತ್ರ ಅವಕಾಶ. ಬೇಡವಾದಾಗ ಅದನ್ನು ರದ್ದುಪಡಿಸಬಹುದು. ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ಪಡೆದು ಒಳಬರುವ ಹೊರಗಿನ ಆ್ಯಪ್‌ಗಳಿಗೆ ಗೂಗಲ್ ಕೂಡ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಬೆಂಬಲ ನಿಲ್ಲಿಸಿತು. ಕಚೇರಿಯ ಗಣಕದಲ್ಲಿ ವಾಟ್ಸಾಪ್ ತೆರೆಯುವುದು ಅನಿವಾರ್ಯವಾದರೆ ವಿಳಾಸಪಟ್ಟಿಯಲ್ಲಿ ಅಧಿಕೃತ ವಿಳಾಸವನ್ನು ನಾವೇ ಬೆರಳಚ್ಚಿಸಿ ತೆರೆಯಬೇಕು. ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತಬಾರದು. ಕೆಲಸ ಮುಗಿದ ಮೇಲೆ ಲಾಗ್ ಔಟ್ ಆಗಬೇಕು. ಫೋನಿನ "ಲಿಂಕ್ಡ್ ಡಿವೈಸಸ್" ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಪರಿಚಯವಿಲ್ಲದ ಸಾಧನವನ್ನು ತೆಗೆದುಹಾಕಬೇಕು.

ಈಗಾಗಲೇ ಎಲ್ಲಿಯಾದರೂ ಪಾಸ್‌ವರ್ಡ್ ಕೊಟ್ಟಿದ್ದರೆ ಹೀಗೆ ಮಾಡಿ. ನಂಬಿಕೆಯ ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಎಲ್ಲ ಸಾಧನಗಳಿಂದಲೂ ಲಾಗ್ ಔಟ್ ಆಗಿ. ಖಾತೆ ಮರಳಿ ಪಡೆಯಲು ನೀಡಿರುವ ಫೋನ್ ಸಂಖ್ಯೆ ಮತ್ತು ಇ-ಮೇಲ್ ನಿಮ್ಮದೇ ಆಗಿವೆಯೇ ನೋಡಿ. ನಿಮ್ಮ ಇ-ಮೇಲ್ ಬೇರೆ ವಿಳಾಸಕ್ಕೆ ತಾನಾಗಿ ರವಾನೆಯಾಗುವಂತೆ ಯಾರಾದರೂ ಏರ್ಪಾಟು ಮಾಡಿದ್ದಾರೆಯೇ ಪರೀಕ್ಷಿಸಿ. ಅದೇ ಪಾಸ್‌ವರ್ಡ್ ಇನ್ನೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಬದಲಿಸಿ, ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಸೋರಿಹೋದ ದಾಖಲೆಯನ್ನು ಶಿಕ್ಷೆಯು ಮರಳಿ ತಾರದು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅದು.

ಕೊನೆಯದಾಗಿ, ವೇದಿಕೆಯ ಮೇಲಿರುವ ಹಿರಿಯರಲ್ಲಿ ಒಂದು ವಿನಂತಿ. ತಪ್ಪಾಗಿದೆ ಎಂದು ತಾನಾಗಿ ಬಂದು ತಿಳಿಸಿದ ನೌಕರನ ಕೈಗೆ ಮೊದಲು ಕಾರಣ ಕೇಳುವ ನೋಟಿಸು ಕೊಟ್ಟರೆ, ನಾಳೆ ಮತ್ತೊಬ್ಬರು ತಿಳಿಸುವುದಿಲ್ಲ. ಮೊದಲು ಖಾತೆಯನ್ನು ಭದ್ರಪಡಿಸೋಣ, ವಿಚಾರಣೆ ಆಮೇಲೆ ನಡೆಯಲಿ. ಅನಧಿಕೃತ ತಾಣಗಳತ್ತ ಸಿಬ್ಬಂದಿಯನ್ನು ದೂಡುವ ಕೊರತೆಗಳಿದ್ದರೆ, ಅಂದರೆ ಹಳೆಯ ಗಣಕ, ಕಚೇರಿಗೆಂದು ಪ್ರತ್ಯೇಕ ಫೋನ್ ಇಲ್ಲದಿರುವುದು, ಇವುಗಳನ್ನು ಪಂಚಾಯತಿಯ ವಾರ್ಷಿಕ ಆಯವ್ಯಯದಲ್ಲಿಯೇ ಪರಿಹರಿಸಿಕೊಳ್ಳೋಣ. ಜನರು ನಮ್ಮ ಕೈಗಿತ್ತ ಕಾಗದ ನಮ್ಮ ಕೈಯಲ್ಲಿಯೇ ಇರಲಿ.