ಕಿವಿಯೇ ಕಣ್ಣಾದ ಗುರುಪರಂಪರೆ

ಶ್ರಾವಣ ಬಂತೆಂದರೆ ಕಲಬುರಗಿಯಲ್ಲಾಗಲಿ, ಹುಮನಾಬಾದಿನ ಹಾದಿಯ ಕಮಲಾಪುರದಂತಹ ಊರಿನಲ್ಲಾಗಲಿ, ಪುರಾಣ ಪ್ರವಚನಗಳು ನಡೆಯುವುದುಂಟು. ಪುರಾಣಿಕರ ಪಕ್ಕದಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತ ಗವಾಯಿಗಳನ್ನು ಕೇಳಿದರೆ, ಎಷ್ಟೋ ಮಂದಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳುತ್ತಾರೆ. ಅವರಲ್ಲಿ ಕಣ್ಣಿಲ್ಲದವರೂ ಇದ್ದಾರೆ. ಅವರಿಗೆ ಆ ಗೌರವದ ಆಸನವನ್ನು ದೊರಕಿಸಿಕೊಟ್ಟವರು ಇಬ್ಬರು ಅಂಧ ಗುರುಗಳು.

ಮೊದಲನೆಯವರು ಪಂಚಾಕ್ಷರ ಗವಾಯಿಗಳು. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಇವರಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯವಿತ್ತು ಸಂಗೀತ ಕಲಿಸಿದರು. ಕರ್ನಾಟಕ ಪದ್ಧತಿ ಕಲಿತ ಮೇಲೆ ಮಿರಜದ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಕಲಿತರು. ಅವರ ಪಾಠಶಾಲೆ ಬಹುಕಾಲ ಊರೂರು ತಿರುಗಿ, ಕೊನೆಗೆ ಗದುಗಿನಲ್ಲಿ ನೆಲೆನಿಂತಿತು. ಬಸವರಾಜ ರಾಜಗುರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಅವರ ಶಿಷ್ಯರೇ.

1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಹೊಣೆ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. 1914ರಲ್ಲಿ ಜನಿಸಿದ ಇವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳನ್ನೂ ಬಲ್ಲವರಾಗಿದ್ದರು. ಪದಗಳನ್ನು ರಚಿಸಿದರು, ನಾಟಕ ಬರೆದರು. ನಾಟಕದ ಕಂಪನಿ ಕಟ್ಟಿ ಅದರ ಗಳಿಕೆಯಿಂದ ಹುಡುಗರಿಗೆ ಅನ್ನವಿಕ್ಕಿದರು.

ಫ್ರಾನ್ಸಿನಲ್ಲಿ, ತಾವೇ ಅಂಧರೂ ಸಂಗೀತಗಾರರೂ ಆಗಿದ್ದ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಚುಕ್ಕಿಲಿಪಿಯಲ್ಲಿ ಸ್ವರಗಳನ್ನೂ ಬರೆಯಬಹುದಾಗಿತ್ತು. ಆ ಲಿಪಿಯಲ್ಲಿ ಪುಟ್ಟರಾಜರು ಭಗವದ್ಗೀತೆಯನ್ನು ಬರೆದರು. ಆದರೆ ನಮ್ಮ ರಾಗದ ಗಮಕ, ಮೀಂಡುಗಳಿಗೆ ಚುಕ್ಕಿ ಸಾಲದು. ಗುರು ಹಾಡಬೇಕು, ಶಿಷ್ಯ ಕೇಳಿ ತಿರುಗಿ ಹಾಡಬೇಕು, ತಪ್ಪಿದಲ್ಲಿ ಮತ್ತೆ ಹಾಡಬೇಕು. ಈ ಶಿಕ್ಷಣದಲ್ಲಿ ಕಣ್ಣುಳ್ಳವನಿಗೂ ಇಲ್ಲದವನಿಗೂ ಭೇದವಿಲ್ಲ. ಇಬ್ಬರೂ ಕಿವಿಯಿಂದಲೇ ಕಲಿಯತಕ್ಕದ್ದು. 1966ರಿಂದ ಕಲಬುರಗಿ ಆಕಾಶವಾಣಿಯನ್ನು ಆಲಿಸುತ್ತ ಬಂದ ಮನೆಗಳಿಗೆ ಕಿವಿಯ ಈ ಶಕ್ತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಸಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಪ್ರಶಸ್ತಿಗಿಂತ ದೊಡ್ಡದು ಇನ್ನೊಂದಿದೆ. ಅಂಧ ಬಾಲಕನಿಗೆ ಜನ ಒಂದು ಕಾಲಕ್ಕೆ ಭಿಕ್ಷೆಯ ದಾರಿಯನ್ನೇ ತೋರಿಸುತ್ತಿದ್ದರು. ಈ ಗುರುಗಳು ಅವನಿಗೆ ವಿದ್ಯೆಯ ದಾರಿ ತೋರಿಸಿದರು. ಕರುಣೆ ಒಂದು ದಿನದ ಊಟವಾದೀತು, ವಿದ್ಯೆ ಬಾಳಿನ ಊಟ. ಅಂತಹ ಮಗುವಿರುವ ಮನೆಯವರು ಮರುಗುತ್ತ ಕೂಡುವ ಮೊದಲು ಅದರ ಕೈಗೊಂದು ವಾದ್ಯವನ್ನೋ ಪುಸ್ತಕವನ್ನೋ ಕೊಟ್ಟು ನೋಡಲಿ.